ರೇವಣ್ಣ ತಂದ ಮತ್ತಿನ ಮದ್ದು

ಹೋದ ತಿಂಗಳು ಪಕ್ಕದ ಮನೆಯವರ ನಾಯಿಗೆ ಹಲ್ಲು ಕೀಳಿಸುವುದಿತ್ತು. ಅವರಿಗೆ ಒಬ್ಬರೇ ಹೋಗಲು ಭಯ, ನನಗೆ ನಿವೃತ್ತಿಯಾದ ಮೇಲೆ ಹೊತ್ತು ಹೋಗುವುದಿಲ್ಲ. ಹಾಗಾಗಿ ಸದಾಶಿವನಗರದ ಕ್ಲಿನಿಕ್ಕಿಗೆ ಜೊತೆಯಲ್ಲಿ ಹೋದೆ. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಮತ್ತು ಬರಿಸಲು ದಿನವೂ ಬಳಸುವ ಔಷಧ ಮುಗಿದಿದೆಯೆಂದು ಗೊಣಗುತ್ತ ಕಪಾಟಿನ ಹಿಂದಿನಿಂದ ಒಂದು ಸೀಸೆ ತೆಗೆದಳು. ಒಳಗೆ ತೆಳು ಹಳದಿ ಪುಡಿ. ನೀರು ಸೇರಿಸಿ ಕುಲುಕಿ, ಸಿರಿಂಜಿನ ಗಾಳಿ ಹೊರಗೆ ತಳ್ಳಿದಾಗ ಒಂದು ಹನಿ ಮೇಜಿನ ಮೇಲೆ ಬಿತ್ತು. ಬೆಳ್ಳುಳ್ಳಿ ಸುಲಿದು ಕೈ ತೊಳೆಯದೆ ಬಿಟ್ಟಂಥ ವಾಸನೆ. ಥಯೋಪೆಂಟೋನ್.

"ಇದು ನಿಮ್ಮ ಕಾಲದ್ದು ಅಲ್ವಾ ಮೇಡಂ? ನೀವು ಯೂಸ್ ಮಾಡಿದೀರಾ?" ಎಂದು ಆ ಹುಡುಗಿ ಕೇಳಿದಳು. ನಾನೂ ಪಶುವೈದ್ಯೆಯಾಗಿದ್ದೆನೆಂದು ಪಕ್ಕದ ಮನೆಯವರು ಆಗಲೇ ಹೇಳಿದ್ದರು.

"ಒಂದು ಕಾಲದಲ್ಲಿ ತುಮಕೂರಲ್ಲಿ ನಾಯಿ ಬೆಕ್ಕಿಗೆ ಇದನ್ನ ಹಾಕೋಳು ನಾನೊಬ್ಳೇ ಇದ್ದೆ ಕಣಮ್ಮ" ಎಂದೆ. ಹೇಳುವಾಗ ಸ್ವಲ್ಪ ಜಂಬವೇ ಇತ್ತು. ಹೇಳಿ ಮುಗಿಸುವಷ್ಟರಲ್ಲಿ ರೇವಣ್ಣನ ಮುಖ ಕಣ್ಣ ಮುಂದೆ ಬಂದು ನಿಂತಿತು, ಹೊಟ್ಟೆಯೊಳಗೆ ಎಲ್ಲೋ ಹಳೆಯ ಕಿಚ್ಚು ಚುರ್ ಎಂದಿತು.

ಅದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು. ನಾನು ಗುಬ್ಬಿ ಕಡೆಯ ತೆಂಗಿನ ತೋಟದ ಮನೆಯವಳು. ಪಶುವೈದ್ಯಕೀಯ ಓದುತ್ತೇನೆಂದಾಗ ನಮ್ಮ ಊರಿನವರು, "ಎಮ್ಮೆ ನೋಡೋಕೆ ಬೆಂಗಳೂರಿಗೆ ಹೋಗಬೇಕೇನವ್ವ?" ಎಂದು ನಕ್ಕಿದ್ದರು. ಓದಿ, ಸರ್ಕಾರಿ ಕೆಲಸ ಸಿಕ್ಕಿ, ತುಮಕೂರಿನ ಪಶು ಆಸ್ಪತ್ರೆಗೆ ಬಂದು ಕೆಲವು ವರ್ಷಗಳಾಗಿದ್ದವು. ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ. ನನ್ನ ಗಂಡ ಶಿವಲಿಂಗಯ್ಯ ಹೈಸ್ಕೂಲ್ ಮೇಷ್ಟರು. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು.

ಆಸ್ಪತ್ರೆಗೆ ಬರುತ್ತಿದ್ದದ್ದು ಹೆಚ್ಚಾಗಿ ದನಗಳು. ಎತ್ತು ಹಿಡಿದುಕೊಂಡು ಬಂದ ರೈತರು ನನ್ನನ್ನು ನೋಡಿ, ನನ್ನ ಬೆನ್ನ ಹಿಂದೆ ಇಣುಕುತ್ತಿದ್ದರು.

"ಡಾಕ್ಟ್ರಿಲ್ವೇನಮ್ಮ?"

"ನಾನೇ ಡಾಕ್ಟ್ರು."

"ಅಲ್ಲ, ಗಂಡಸ್ರು ಡಾಕ್ಟ್ರು."

ಎಷ್ಟು ಸಲ ಈ ಮಾತು ಕೇಳಿದ್ದೇನೋ. ನಾನು ಕರು ತಿರುಗಿಸಿ ಹೊರಗೆ ಎಳೆದಿದ್ದೇನೆ, ಹೊಟ್ಟೆ ಉಬ್ಬರಿಸಿದ ಹಸುಗಳನ್ನು ಉಳಿಸಿದ್ದೇನೆ. ಆದರೂ ಮಾರನೆಯ ದಿನ ಅದೇ ರೈತ ಬಂದು ಮತ್ತೆ ನನ್ನ ಬೆನ್ನ ಹಿಂದೆ ಇಣುಕುತ್ತಿದ್ದ. ಹಾಗಾಗಿ ಆಸ್ಪತ್ರೆಯ ಹಿಂಭಾಗದಲ್ಲಿ, ಹೆಂಚಿನ ಮಾಡಿನ ಒಂದು ಸಣ್ಣ ಕೋಣೆಯಲ್ಲಿ, ಯಾರಿಗೂ ಬೇಡವಾಗಿದ್ದ ನಾಯಿ ಬೆಕ್ಕುಗಳ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಒಂದು ಕಡಪಾ ಕಲ್ಲಿನ ಮೇಜು, ಸಿರಿಂಜು ಕುದಿಸಲು ಒಂದು ಸ್ಟೌ, ನಾಯಿ ಹಿಡಿಯಲು ಅಟೆಂಡರ್ ಗಂಗಣ್ಣ. ಅಲ್ಲಿ ಯಾರೂ ನನ್ನ ಬೆನ್ನ ಹಿಂದೆ ಇಣುಕುತ್ತಿರಲಿಲ್ಲ. ಇಣುಕಿದರೂ ಅಲ್ಲಿದ್ದದ್ದು ಗೋಡೆ.

ಆ ಕೋಣೆಯಲ್ಲಿ ನನ್ನ ಬಂಡವಾಳವೆಂದರೆ ಥಯೋಪೆಂಟೋನ್. ಅದು ರಕ್ತನಾಳಕ್ಕೇ ಹೋಗಬೇಕು. ನಾವೆಲ್ಲ ಅದನ್ನು 'ನರ' ಎಂದೇ ಹೇಳುತ್ತಿದ್ದೆವು. ಒಂದು ಹನಿ ನಾಳದಿಂದ ಹೊರಗೆ ಚೆಲ್ಲಿದರೆ ಅಲ್ಲಿಯ ಚರ್ಮ ಸತ್ತು ಕಳಚಿ ಬೀಳುತ್ತದೆ. ಅರ್ಧ ಮದ್ದನ್ನು ಬೇಗ ಬಿಡಬೇಕು, ಉಳಿದದ್ದನ್ನು ನಾಯಿಯ ಮುಖ ನೋಡಿಕೊಂಡು ಬಿಡಬೇಕು. ರೆಪ್ಪೆ ಮುಟ್ಟಿದರೆ ಮಿಟುಕುತ್ತದೆಯೇ, ಕಾಲ್ಬೆರಳು ಚಿವುಟಿದರೆ ಎಳೆದುಕೊಳ್ಳುತ್ತದೆಯೇ, ಉಸಿರು ಹೇಗಿದೆ ಎಂದು ಕ್ಷಣಕ್ಷಣವೂ ನೋಡುತ್ತಿರಬೇಕು. ಸ್ವಲ್ಪ ಹೆಚ್ಚಾದರೆ ಉಸಿರು ನಿಲ್ಲುತ್ತದೆ, ಸ್ವಲ್ಪ ಕಡಿಮೆಯಾದರೆ ಕತ್ತರಿ ಇಡುವಾಗ ನಾಯಿ ಎದ್ದು ಕೂರುತ್ತದೆ. ಬೆಕ್ಕಿನ ಕಾಲಿನಲ್ಲಂತೂ ನರವೆಂದರೆ ಹೊಲಿಗೆ ದಾರ. ಅದು ನನ್ನ ಬೆರಳಿಗೆ ಸಿಗುತ್ತಿತ್ತು. ಬೇರೆಯವರಿಗೆ ಸಿಗುತ್ತಿರಲಿಲ್ಲ. ಊರ್ಡಿಗೆರೆಯಿಂದ, ಗುಬ್ಬಿಯಿಂದ ಬಸ್ಸಿನಲ್ಲಿ ಬುಟ್ಟಿ ಹಿಡಿದುಕೊಂಡು ಬಂದವರು "ಮಲಗಿಸೋ ಅಮ್ಮ ಇದಾರಾ?" ಎಂದು ಕೇಳಿದಾಗ ನನಗಾಗುತ್ತಿದ್ದ ಸಂತೋಷ ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಯ ಹೊಸ ತರಬೇತಿ ಇದೆ, ಜಿಲ್ಲೆಯಿಂದ ಒಬ್ಬರನ್ನು ಕಳಿಸಬೇಕು ಎಂದು ಸುದ್ದಿ ಬಂತು. ನನ್ನ ಹೆಸರೇ ಹೋಗುತ್ತದೆ ಎಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಮೇಲಧಿಕಾರಿಗಳು ನನ್ನನ್ನು ಕರೆದು ಕಾಫಿ ತರಿಸಿದರು. ಕಾಫಿ ತರಿಸಿದಾಗಲೇ ನನಗೆ ಅನುಮಾನ ಬಂತು.

"ನಿಮಗ್ಯಾಕಮ್ಮ ಈಗ ಇದೆಲ್ಲ? ಕೈಗೂಸಿದೆ. ಮಗು ದೊಡ್ಡದಾಗ್ಲಿ, ಮುಂದೆ ನೋಡೋಣ. ಈ ಸಲ ರೇವಣ್ಣನ್ನ ಕಳಿಸ್ತೀನಿ."

ರೇವಣ್ಣ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನು. ಕುಣಿಗಲ್ ಕಡೆಯ ಹುಡುಗ, ಎತ್ತರದ ಆಳು, ಸದಾ ನಗು. ಓದುವಾಗ ನನ್ನ ನೋಟ್ಸನ್ನೇ ಓದಿ ಪಾಸಾದವನು. "ಅಕ್ಕಾ" ಎಂದೇ ಕರೆಯುತ್ತಿದ್ದ. ಆಗ ಕುಣಿಗಲ್ ಹತ್ತಿರದ ಒಂದು ಹಳ್ಳಿಯಲ್ಲಿ ದನಗಳಿಗೆ ಲಸಿಕೆ ಹಾಕಿಕೊಂಡಿದ್ದ. ಅವನು ಬೆಂಗಳೂರಿಗೆ ಹೋದ. ನಾನು ಮನೆಗೆ ಬಂದು ಮಗಳಿಗೆ ರಾಗಿ ಸರಿ ತಿನ್ನಿಸುತ್ತ ಗೋಡೆ ನೋಡಿಕೊಂಡು ಕೂತೆ. ಮಗು ಏನೂ ಮಾಡಿರಲಿಲ್ಲ, ಪಾಪ. ತುಟಿಗೆ ಮೆತ್ತಿದ ಸರಿಯನ್ನು ನನ್ನ ಸೀರೆಗೆ ಒರೆಸಿ ನಗುತ್ತಿತ್ತು.

ಮುಂಗಾರು ಹನಿಯುವ ಹೊತ್ತಿಗೆ ರೇವಣ್ಣ ತರಬೇತಿ ಮುಗಿಸಿದ. ಅವನನ್ನು ನೇರವಾಗಿ ತುಮಕೂರಿಗೇ, ನನ್ನ ಕೋಣೆಗೇ ಹಾಕಿದರು. ಮೊದಲ ದಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವನು, "ನಿಜವಾಗ್ಲೂ ನೀವು ಹೋಗ್ಬೇಕಾಗಿತ್ತಕ್ಕ, ನನಗೆ ನಾಚಿಕೆ ಆಗೋಯ್ತು" ಎಂದ. ಹೀಗೆ ಹೇಳದೆ ಇದ್ದಿದ್ದರೆ ಅವನನ್ನು ದ್ವೇಷಿಸುವುದು ಎಷ್ಟೋ ಸುಲಭವಾಗುತ್ತಿತ್ತು.

ಅವನು ಚೀಲದಿಂದ ಎರಡು ಸಣ್ಣ ಸೀಸೆ ತೆಗೆದು ಮೇಜಿನ ಮೇಲಿಟ್ಟ. ಒಂದು ಕೆಟಮಿನ್, ಇನ್ನೊಂದು ಕ್ಸೈಲಜೀನ್. ಎರಡೂ ನೀರಿನ ಹಾಗೆ ತಿಳಿಯಾಗಿದ್ದವು. ಹೆಸರು ಓದಿದ್ದೆ, ಕಣ್ಣಲ್ಲಿ ಕಂಡಿರಲಿಲ್ಲ.

"ನರ ಹುಡುಕೋದೇ ಬೇಡ ಅಕ್ಕ. ಎರಡೂ ಸೇರ್ಸಿ ತೊಡೆ ಮಾಂಸಕ್ಕೆ ಚುಚ್ಚಿದ್ರೆ ಸಾಕು. ಯಾರು ಬೇಕಾದ್ರೂ ಹಾಕ್ಬೋದು" ಎಂದ.

ಯಾರು ಬೇಕಾದರೂ ಹಾಕಬಹುದು. ಅವನು ಖುಷಿಯಿಂದ ಹೇಳಿದ ಆ ಮಾತು ನನಗೆ ಎಲ್ಲಿ ತಗುಲಿತೆಂದು ಅವನಿಗೆ ತಿಳಿಯುವಂತಿರಲಿಲ್ಲ. ಇಷ್ಟು ವರ್ಷ ಕೂತು ಬೆರಳಿಗೆ ಕಲಿಸಿಕೊಂಡದ್ದು ಒಂದು ಗಳಿಗೆಯಲ್ಲಿ ಯಾರಿಗೂ ಬೇಡದ ವಿದ್ಯೆಯಾಗಿತ್ತು.

ಅದೇ ವಾರ ಮಂಡಿಪೇಟೆಯ ಅಕ್ಕಿ ಅಂಗಡಿಯ ಶೆಟ್ಟರು ಒಂದು ಗಂಡು ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ತಂದರು. ಕೆನ್ನೆಯಲ್ಲಿ ನಿಂಬೆಹಣ್ಣಿನಷ್ಟು ಕೀವಿನ ಗಡ್ಡೆ. ಇಲಿ ಹಿಡಿಯುವ ಅಂಗಡಿ ಬೆಕ್ಕು, ಕೈಗೆ ಸಿಗುವ ಜಾತಿಯಲ್ಲ. ಗಂಗಣ್ಣ ಚೀಲದ ಬಾಯಿ ಬಿಚ್ಚಿ ಮುಂಗಾಲು ಹಿಡಿಯಲು ಹೋದ, ಮುಂಗೈ ಉದ್ದಕ್ಕೂ ಪರಚಿಸಿಕೊಂಡ. ನಾನು ಸೂಜಿ ಹಿಡಿದು ಕಾಯುತ್ತಿದ್ದೆ. ಬೆಕ್ಕು ಮತ್ತೆ ಚೀಲದೊಳಗೆ ಹೋಗಿ ಒಳಗಿನಿಂದ ಬುಸುಗುಟ್ಟತೊಡಗಿತು. ನೋಡಲು ಜನ ಸೇರಿದರು.

"ನಾನೊಂದು ಕೈ ನೋಡ್ಲಾ ಅಕ್ಕ?" ಎಂದ ರೇವಣ್ಣ.

ಚೀಲವನ್ನು ನೆಲಕ್ಕೆ ಒತ್ತಿ ಹಿಡಿದ. ಒಳಗೆ ತೊಡೆ ಎಲ್ಲಿದೆಯೆಂದು ತಡವಿ ನೋಡಿ, ಗೋಣಿಯ ಮೇಲಿಂದಲೇ ಚುಚ್ಚಿದ. ಅಷ್ಟೇ. ಆಮೇಲೆ ಸಿಳ್ಳೆ ಹಾಕುತ್ತ ಕೈ ತೊಳೆದುಕೊಂಡ. ಸ್ವಲ್ಪ ಹೊತ್ತಿನಲ್ಲಿ ಚೀಲ ಸುಮ್ಮನಾಯಿತು. ಬಿಚ್ಚಿ ತೆಗೆದರೆ ಬೆಕ್ಕು ಕಾಲು ಚಾಚಿಕೊಂಡು ಮಲಗಿತ್ತು, ಕಣ್ಣೆರಡೂ ಅಗಲವಾಗಿ ತೆರೆದಿದ್ದವು.

"ಅಯ್ಯೋ, ಹೋಗ್ಬುಡ್ತಾ?" ಎಂದರು ಶೆಟ್ಟರು.

"ಇಲ್ಲ ಸ್ವಾಮಿ, ನಿದ್ದೆ. ಈ ಮದ್ದಲ್ಲಿ ಕಣ್ಣು ಮುಚ್ಚಲ್ಲ" ಎಂದು ರೇವಣ್ಣ ಆ ಕಣ್ಣುಗಳು ಒಣಗದಿರಲೆಂದು ಮುಲಾಮು ಹಚ್ಚಿದ. ಗಡ್ಡೆ ಕೊಯ್ದು ಕೀವು ತೆಗೆದ. ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. "ಕಣ್ ಬುಟ್ಕೊಂಡೇ ಮಲಗೈತೆ ಕಣ್ರೋ!" ಎಂದು ಯಾರೋ ಕೂಗಿದರು. ಬೆಕ್ಕು ಸಂಜೆ ತೂರಾಡಿಕೊಂಡು ಎದ್ದು ಹಾಲು ಕುಡಿಯಿತು. ನನ್ನ ಕೈಯಲ್ಲಿ ಥಯೋಪೆಂಟೋನ್ ತುಂಬಿದ ಸಿರಿಂಜು ಹಾಗೇ ಇತ್ತು. ಹೊರಗೆ ಹೋಗಿ ದಾಸವಾಳದ ಗಿಡದ ಬುಡಕ್ಕೆ ಚೆಲ್ಲಿ ಬಂದೆ.

ಆಮೇಲೆ ಮಳೆಗಾಲವಿಡೀ ಒಂದೇ ಕಥೆ. "ಕಣ್ ತೆರೆಸಿ ಮಲಗ್ಸೋ ಡಾಕ್ಟ್ರು ಯಾರು?" ಎಂದು ಕೇಳಿಕೊಂಡು ಬರುವವರು. ಕ್ಯೂ ಅವನ ಮುಂದೆ, ನನ್ನ ಮುಂದೆ ಹುಳದ ಔಷಧಿ ಕೇಳುವವರು. ಅವನ ಕೆಲಸ ಬೇಗ ಮುಗಿಯುತ್ತಿತ್ತು, ನಾಯಿ ಒದ್ದಾಡುತ್ತಿರಲಿಲ್ಲ, ಹಿಡಿದವರಿಗೆ ಕಚ್ಚುತ್ತಿರಲಿಲ್ಲ. ಗಂಗಣ್ಣನಿಗೂ ಅವನೇ ಇಷ್ಟ. ನಾನು ತವರಿಗೆ ಹೋದಾಗ ನನ್ನ ಸ್ವಂತ ಅಣ್ಣ, "ನಿಮ್ಮಲ್ಲಿ ಯಾರೋ ರೇವಣ್ಣ ಅಂತ ಬಂದವ್ನಂತಲ್ಲ, ನಮ್ಮ ನಾಯಿಗೆ ಒಂದು ಗಂಟಾಗಿದೆ, ಹೇಳಿ ಮಾಡ್ಸು" ಎಂದ. ನಾನು ಉಣ್ಣುತ್ತಿದ್ದ ಮುದ್ದೆ ಬಿಟ್ಟು ಕೈ ತೊಳೆದೆ.

ಮನೆಯಲ್ಲಿ ನನ್ನ ಗಂಡ ಒಂದು ಸಂಜೆ, "ರೇವಣ್ಣ ಒಳ್ಳೆ ಹುಡುಗ ಕಣೇ, ಊಟಕ್ಕೆ ಕರಿ" ಎಂದರು.

"ನೀವೇ ಕರೀರಿ. ನೀವೇ ಬಡಿಸಿ" ಎಂದೆ.

ಅವರು ನನ್ನ ಮುಖ ನೋಡಿದರು. "ಹೊಟ್ಟೆಕಿಚ್ಚಾ?"

"ಹೌದು. ಏನೀಗ?"

ಅವರು ನಕ್ಕರು. ನಾನು ನಗಲಿಲ್ಲ. ಹೊಟ್ಟೆಕಿಚ್ಚು ಎಂಬ ಪದ ಮಾಡಿದವರು ಯಾರೋ, ಅನುಭವಿಸಿಯೇ ಮಾಡಿರಬೇಕು. ಅದು ನಿಜವಾಗಿ ಹೊಟ್ಟೆಯಲ್ಲೇ ಉರಿಯುತ್ತದೆ, ಬೆಳಿಗ್ಗೆ ಕಾಫಿಗಿಂತ ಮೊದಲೇ.

ಸುಮ್ಮನಿರಲು ಆಗಲಿಲ್ಲ. ಆ ಮದ್ದಿನಲ್ಲಿ ಏನಾದರೂ ಹುಳುಕು ಇದ್ದೇ ಇರಬೇಕು ಎಂದು ಹಟ ಹಿಡಿದೆ. ಬೆಂಗಳೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಗೆಳತಿಗೆ ಹೇಳಿ ಕೆಟಮಿನ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಜೆರಾಕ್ಸ್ ಮಾಡಿಸಿ ತರಿಸಿಕೊಂಡೆ. ಮಗಳು ಮಲಗಿದಾಗಲೆಲ್ಲ ಓದಿದೆ. ಪರೀಕ್ಷೆಗೂ ನಾನು ಹಾಗೆ ಓದಿರಲಿಲ್ಲ. ಕೆಟಮಿನ್ ಒಂದನ್ನೇ ಕೊಟ್ಟರೆ ಮೈ ಸೆಟೆದುಕೊಳ್ಳುತ್ತದೆ, ನಾಯಿಗಳಿಗೆ ಫಿಟ್ಸ್ ಬರಬಹುದು. ಜೊಲ್ಲು ಸುರಿಯುತ್ತದೆ. ತಲೆಗೆ ಪೆಟ್ಟು ಬಿದ್ದಿದ್ದರೆ ಕೊಡಬಾರದು. ಜೊತೆಯ ಕ್ಸೈಲಜೀನ್ ಮೈಯನ್ನು ಸಡಿಲ ಮಾಡುತ್ತದೆ, ಆದರೆ ವಾಂತಿ ಮಾಡಿಸುತ್ತದೆ, ಎದೆಬಡಿತವನ್ನು ನಿಧಾನ ಮಾಡುತ್ತದೆ. ಒಂದೊಂದು ದೋಷ ಸಿಕ್ಕಾಗಲೂ ನನಗೆ ಬೆಲ್ಲ ತಿಂದ ಹಾಗಾಗುತ್ತಿತ್ತು. ದೋಷ ಹುಡುಕುತ್ತ ಹುಡುಕುತ್ತ ಅದರ ಗುಣಗಳೂ ಬಾಯಿಪಾಠವಾದವು. ಅದನ್ನು ನಾನು ಬೇಕೆಂದು ಕಲಿಯಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ರೇವಣ್ಣನ ಕ್ಸೈಲಜೀನ್ ಮುಗಿದಿತ್ತು. ವಕೀಲರೊಬ್ಬರ ನಾಯಿಗೆ ಕೆಟಮಿನ್ ಒಂದನ್ನೇ ಹಾಕಿದ. ನಾಯಿ ಮೇಜಿನ ಮೇಲೆ ಕಾಲು ಹೊಡೆಯತೊಡಗಿತು, ಬಾಯಲ್ಲಿ ನೊರೆ. ರೇವಣ್ಣನ ನಗು ಮಾಯವಾಯಿತು. ನಾನು ಫಿಟ್ಸ್ ಇಳಿಸುವ ಡಯಾಜೆಪಾಮ್ ತೆಗೆದು, ಆ ಒದೆಯುವ ಕಾಲಿನ ನರ ಹಿಡಿದು ಚುಚ್ಚಿದೆ. ನಾಯಿ ನಿಧಾನವಾಗಿ ಸಡಿಲವಾಯಿತು. ಒಳಗೊಳಗೇ ಎಷ್ಟು ಹಿಗ್ಗಿದೆನೆಂದು ಹೇಳಲಾರೆ. ಆದರೆ ರೇವಣ್ಣ ವಕೀಲರ ಕಡೆ ತಿರುಗಿ, "ಅಕ್ಕ ಇಲ್ದಿದ್ರೆ ಇವತ್ತು ಕೆಡ್ತಿತ್ತು ಸಾರ್" ಎಂದು ಎಲ್ಲರೆದುರಿಗೆ ಹೇಳಿಬಿಟ್ಟ. ನನ್ನ ಹಿಗ್ಗೂ ಉಳಿಯಲಿಲ್ಲ. ಅಷ್ಟು ದೊಡ್ಡ ಮನಸ್ಸು ನನಗೆ ಬರುವುದಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು.

ರಾಗಿ ತೆನೆ ಕಟ್ಟುವ ಕಾಲಕ್ಕೆ, ಮೋಡ ಮುಸುಕಿದ ಒಂದು ಮಧ್ಯಾಹ್ನ, ಆಸ್ಪತ್ರೆಯ ಅಂಗಳಕ್ಕೆ ಒಂದು ಟೆಂಪೋ ಬಂದು ನಿಂತಿತು. ರೇವಣ್ಣನ ಅಣ್ಣ ಪುಟ್ಟಸ್ವಾಮಿ ಇಳಿದರು. ಕೈಯಲ್ಲಿ ಒದ್ದೆ ಪಂಚೆಯಲ್ಲಿ ಸುತ್ತಿದ ನಾಯಿ, ಪಂಚೆಯೆಲ್ಲ ರಕ್ತ.

"ಹಂದಿ ತಿವಿದ್ಬುಡ್ತು ಕಣೋ ರೇವಣ್ಣ. ಹೊಲಕ್ಕೆ ನುಗ್ಗಿತ್ತು, ಇದು ಅಟ್ಟಿಸ್ಕೊಂಡೋಯ್ತು. ಕರುಳು ಆಚೆ ಬಂದೈತೆ."

ಅದು ರೇವಣ್ಣನ ನಾಯಿ. ಹೆಸರು ಜಿಂಕೆ. ಮುಧೋಳದ ಕಡೆಯ ಬೇಟೆನಾಯಿ ತಳಿ, ಸಪೂರ ಮೈ, ಉದ್ದ ಕಾಲು, ಎಣಿಸುವ ಹಾಗೆ ಕಾಣುವ ಪಕ್ಕೆಲುಬು. ಮರಿಯಿದ್ದಾಗ ರೇವಣ್ಣ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದನೆಂದು ಎಷ್ಟೋ ಸಲ ಹೇಳಿದ್ದ. ಈಗ ಅದರ ವಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ರೇವಣ್ಣನ ಕೈಯ ವಾಸನೆ ಹಿಡಿದು ಬಾಲ ಒಂದು ಸಲ ಅಲ್ಲಾಡಿಸಿತು. ಅವನು ಅಲ್ಲೇ ಅತ್ತುಬಿಟ್ಟ.

ಅತ್ತುಕೊಂಡೇ ಅಭ್ಯಾಸದಂತೆ ಕೆಟಮಿನ್, ಕ್ಸೈಲಜೀನ್ ಎರಡೂ ಸೀಸೆ ಎತ್ತಿಕೊಂಡ. ನಾನು ಅವನ ಮಣಿಕಟ್ಟು ಹಿಡಿದೆ.

"ಕ್ಸೈಲಜೀನ್ ಬೇಡ ರೇವಣ್ಣ."

"ಮತ್ತೆ?"

"ರಕ್ತ ಹೋಗಿದೆ. ಎದೆ ಓಡ್ತಾ ಇರೋದ್ರಿಂದ್ಲೇ ಇನ್ನೂ ಬದುಕಿರೋದು. ಅದನ್ನ ನೀನು ನಿಧಾನ ಮಾಡಿದ್ರೆ ನಿಂತೇ ಹೋಗುತ್ತೆ."

ಅವನು ನನ್ನ ಕಪಾಟಿನ ಕಡೆ ನೋಡಿದ. "ಹಂಗಾದ್ರೆ ನಿಮ್ಮದೇ ಹಾಕಿ ಅಕ್ಕ. ಥಯೋಪೆಂಟೋನ್ ಹಾಕಿ."

ಈ ಮಾತಿಗೆ ನಾನು ಮುಂಗಾರಿನಿಂದ ಕಾದಿದ್ದೆ. ಅವನ ಬಾಯಿಂದಲೇ, ಅವನ ಅಣ್ಣನ ಎದುರಿಗೇ, ಇಡೀ ಅಂಗಳ ನೋಡುತ್ತಿರುವಾಗ. ನನ್ನ ಕೈ ಕಪಾಟಿನ ಚಿಲಕದವರೆಗೂ ಹೋಯಿತು. ಆಗ ಆ ನಾಯಿಯ ಪಕ್ಕೆಲುಬು ಕಂಡಿತು. ಥಯೋಪೆಂಟೋನ್ ಕೊಟ್ಟರೆ ನಾಯಿ ಏಳುವುದು ಮದ್ದು ರಕ್ತ ಬಿಟ್ಟು ಮಾಂಸ, ಕೊಬ್ಬಿಗೆ ಹಂಚಿಹೋದಾಗ. ಈ ಮೈಯಲ್ಲಿ ಕೊಬ್ಬೇ ಇಲ್ಲ. ಬೇಟೆನಾಯಿಗಳು ಅದರಿಂದ ಎಷ್ಟೋ ಹೊತ್ತು ಏಳುವುದಿಲ್ಲ. ರಕ್ತ ಕಳೆದುಕೊಂಡ ಇದಂತೂ ಏಳದೆಯೇ ಇರಬಹುದು.

"ಅದೂ ಬೇಡ. ಒಣಕಲು ಮೈ, ತಡ್ಕೊಳಲ್ಲ" ಎಂದೆ. ಹೇಳುವಾಗ ನಾಲಿಗೆ ಕಹಿಯಾಯಿತು. "ನಿನ್ನ ಕೆಟಮಿನ್ನೇ ಹಾಕೋಣ. ಮಾಂಸಕ್ಕಲ್ಲ. ಡಯಾಜೆಪಾಮ್ ಜೊತೆ, ನರಕ್ಕೆ, ಸ್ವಲ್ಪ ಸ್ವಲ್ಪವಾಗಿ. ಅದು ಎದೆಬಡಿತ ಇಳಿಸಲ್ಲ. ಮೊದ್ಲು ಸಲೈನ್ ಹೋಗ್ಲಿ."

ರೇವಣ್ಣ ಮುಂಗಾಲಿಗೆ ಸೂಜಿ ಹಾಕಲು ನೋಡಿದ. ಸಿಗಲಿಲ್ಲ. ಇನ್ನೊಂದು ಕಾಲು ನೋಡಿದ. ರಕ್ತ ಹೋದ ಪ್ರಾಣಿಯ ನರಗಳು ಗಾಳಿ ಬಿಟ್ಟ ಟ್ಯೂಬಿನ ಹಾಗೆ ಚಪ್ಪಟೆಯಾಗಿರುತ್ತವೆ. ಜೊತೆಗೆ ಅವನ ಕಣ್ಣು ಪದೇ ಪದೇ ಜಿಂಕೆಯ ಮುಖದ ಕಡೆಗೇ ಹೋಗುತ್ತಿತ್ತು. "ಆಗ್ತಿಲ್ಲ ಅಕ್ಕ" ಎಂದು ಸೂಜಿ ನನ್ನ ಕೈಗಿಟ್ಟ.

ನಾನು ಹಿಂಗಾಲಿನ ಹೊರಬದಿಯ ಕೂದಲು ಕತ್ತರಿಸಿ ಬಿಸಿನೀರಿನ ಬಟ್ಟೆ ಇಟ್ಟೆ. ಕಣ್ಣಿಗೆ ಏನೂ ಕಾಣಲಿಲ್ಲ. ಕಣ್ಣು ಮುಚ್ಚಿ ಬೆರಳು ಆಡಿಸಿದೆ. ಎಲ್ಲೋ ಚರ್ಮದ ಕೆಳಗೆ ಒದ್ದೆ ದಾರದಂಥದ್ದು ಜಾರಿತು. ಅದನ್ನು ಬಿಡದೆ ಅಲ್ಲೇ ಚುಚ್ಚಿದೆ. ಸೂಜಿಯ ಬುಡದಲ್ಲಿ ಕಪ್ಪು ಕೆಂಪು ಹನಿ ಮೂಡಿತು. ಗಂಗಣ್ಣ ಸಲೈನ್ ಬಾಟಲಿ ಎತ್ತಿ ಹಿಡಿದ. ನಾಡಿ ತುಸು ತುಂಬುವವರೆಗೆ ಕಾದೆವು. ಕಾಯುವುದು ಕಷ್ಟ. ಪುಟ್ಟಸ್ವಾಮಿ ಬಾಗಿಲಲ್ಲಿ ನಿಂತು "ಬೇಗ ಮಾಡ್ರವ್ವ, ಬೇಗ ಮಾಡಿ" ಎನ್ನುತ್ತಲೇ ಇದ್ದರು. ಆಮೇಲೆ ಡಯಾಜೆಪಾಮ್, ಅದರ ಹಿಂದೆ ಕೆಟಮಿನ್, ಒಂದಿಷ್ಟು ಬಿಟ್ಟು ಮುಖ ನೋಡುವುದು, ಮತ್ತೊಂದಿಷ್ಟು. ಥಯೋಪೆಂಟೋನ್ ಹಾಕಿ ಅಭ್ಯಾಸವಾದ ಕೈಗೆ ಆ ನಿಧಾನ ಹೊಸದೇನಲ್ಲ. ಜಿಂಕೆಯ ತಲೆ ಮೆಲ್ಲಗೆ ಕೆಳಗಾಯಿತು, ಕಣ್ಣು ತೆರೆದೇ ಇತ್ತು.

"ಈಗ ನೀನು ಹೊಲಿ" ಎಂದೆ.

"ನನ್ನ ಕೈಲಾಗಲ್ಲ. ಅದು ನನ್ನನ್ನೇ ನೋಡ್ತಾ ಇದೆ ಅಕ್ಕ."

ನಾನು ನಾಯಿಯ ಕಣ್ಣಿಗೆ ಮುಲಾಮು ಹಚ್ಚಿ, ಮೂಗು ಬಿಟ್ಟು ಉಳಿದ ಮುಖದ ಮೇಲೆ ಬಟ್ಟೆ ಹಾಕಿದೆ. "ಮುಖ ನನಗೆ ಬಿಡು. ಹೊಟ್ಟೆ ನೋಡು. ನಾನು ಮಲಗಿಸಿರ್ತೀನಿ, ನೀನು ಹೊಲಿ. ಇಬ್ರ ಕೆಲ್ಸಾನೂ ಒಬ್ಳೇ ಮಾಡಕ್ಕಾಗಲ್ಲ ಕಣೋ."

ಅವನು ಕಣ್ಣೊರೆಸಿಕೊಂಡು ಕೈ ತೊಳೆದ. ಕರುಳನ್ನು ಬೆಚ್ಚಗಿನ ಸಲೈನಿನಲ್ಲಿ ತೊಳೆದು, ತೂತಾದ ಕಡೆ ಹೊಲಿದು, ಒಳಗಿಟ್ಟು, ಪದರ ಪದರವಾಗಿ ಹೊಟ್ಟೆ ಮುಚ್ಚಿದ. ಮೊದಲ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದ, ಆಮೇಲೆ ಎಲ್ಲೂ ನಿಲ್ಲಲಿಲ್ಲ. ಅಷ್ಟು ಅಚ್ಚುಕಟ್ಟಾದ ಹೊಲಿಗೆ ನನಗೆ ಇವತ್ತಿಗೂ ಬಾರದು. ನಡುವೆ ಒಮ್ಮೆ ನಾಯಿಯ ಉಸಿರು ತಡೆದಂತಾಗಿ ನಾನು ನಾಲಿಗೆ ಹೊರಗೆಳೆದು ಪಕ್ಕೆ ಒತ್ತಿದೆ. ಉಸಿರು ಬಂತು. ಹೊರಗೆ ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಆಮೇಲೆ ಜಿಂಕೆಯನ್ನು ಕತ್ತಲೆ ಮೂಲೆಯಲ್ಲಿ ಗೋಣಿ ಹಾಸಿ ಮಲಗಿಸಿ, ಸದ್ದಿಗೆ ಬೆಚ್ಚದಿರಲೆಂದು ಕಿವಿಗೆ ಹತ್ತಿ ಇಟ್ಟೆವು. ದೀಪ ಹಚ್ಚುವ ಹೊತ್ತಿಗೆ ಅದು ತಲೆ ಎತ್ತಿತು.

ಆಗ ರೇವಣ್ಣ ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದೆ. ಅವನ ಮುಖದಲ್ಲಿ ನಗು ಇರಲಿಲ್ಲ.

"ಆ ನರ ನಿಮಗೆ ಹೆಂಗೆ ಸಿಕ್ತು ಅಕ್ಕ? ನನಗೆ ಯಾವತ್ತೂ ಸಿಗ್ತಿರ್ಲಿಲ್ಲ" ಎಂದ.

ಆ ದನಿ, ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಮಳೆಗಾಲವೆಲ್ಲ ನಾನು ಅದೇ ಮುಖ ಹೊತ್ತು ತಿರುಗಿದ್ದೆ. ರೇವಣ್ಣನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಆ ಸಂಜೆ ಛತ್ರಿ ಮರೆತು ಮಳೆಯಲ್ಲೇ ಉಪ್ಪಾರಹಳ್ಳಿಗೆ ನಡೆದುಕೊಂಡು ಹೋದೆ. ಮನೆಯಲ್ಲಿ, "ಏನು ಇಷ್ಟು ಖುಷಿ?" ಎಂದು ಗಂಡ ಕೇಳಿದರು. "ನಾಯಿ ಉಳೀತು" ಎಂದೆ. ಅದು ಅರ್ಧ ನಿಜ.

ಹೊಲಿಗೆ ಬಿಚ್ಚಿಸಲು ಬಂದಾಗ ಪುಟ್ಟಸ್ವಾಮಿ ತೋಟದ ಎಳನೀರು ತಂದಿದ್ದರು. ಅಂಗಳದಲ್ಲಿದ್ದವರಿಗೆಲ್ಲ, "ನಮ್ ರೇವಣ್ಣ ಕರುಳು ಒಳಕ್ಕಿಟ್ಟು ಹೊಲ್ದ ಕಣ್ರಯ್ಯ, ಕುಣಿಗಲ್ಲಲ್ಲೆಲ್ಲ ಇದೇ ಮಾತು" ಎಂದರು. ಆಮೇಲೆ ನನಗೂ ಒಂದು ಎಳನೀರು ಕೊಟ್ಟು, "ನೀವೂ ಜೊತೇಲಿದ್ರಿ, ಪಾಪ" ಎಂದರು.

ರೇವಣ್ಣ ಎಳನೀರು ಕೆಳಗಿಟ್ಟ. "ಅಣ್ಣ, ಸುಮ್ನಿರು. ನಾನು ಹಾಕಕ್ಕೆ ಹೋಗಿದ್ದ ಮದ್ದು ಹಾಕಿದ್ರೆ ಜಿಂಕೆ ಅವತ್ತೇ ಹೋಗಿರೋದು. ಉಳಿಸಿದ್ದು ಅಕ್ಕ" ಎಂದ. ಪುಟ್ಟಸ್ವಾಮಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಅವರು ಹೋದ ಮೇಲೆ ರೇವಣ್ಣ ಮೇಜಿನ ಅಂಚು ಒರೆಸುತ್ತ ನಿಂತ. "ನನಗೂ ಕಲಿಸ್ತೀರಾ ಅಕ್ಕ? ನರ ಹಿಡಿಯೋದು."

ಹೊಸ ಮದ್ದು ಅವನ ಹತ್ತಿರ ಇತ್ತು, ಹೊಲಿಗೆ ಅವನದು, ಜನ ಅವನ ಕಡೆ. ನನ್ನಲ್ಲಿ ಉಳಿದಿದ್ದದ್ದು ಈ ಬೆರಳೊಂದೇ. ಅದನ್ನೂ ಕೊಟ್ಟರೆ? ಕೊಡದೆ ಇಟ್ಟುಕೊಂಡು ಮಾಡುವುದಾದರೂ ಏನು?

"ಕಲಿಸ್ತೀನಿ. ಆದ್ರೆ ಮುಂದಿನ ತರಬೇತಿ ನಂದು. ಸಾಹೇಬ್ರ ಹತ್ರ ನೀನೇ ಹೇಳ್ಬೇಕು" ಎಂದೆ.

ಅವನು ಜೋರಾಗಿ ನಕ್ಕುಬಿಟ್ಟ. "ಅಕ್ಕ, ನೀವು ಸಾಮಾನ್ಯದೋರಲ್ಲ. ಆಯ್ತು" ಎಂದ.

ಚಳಿಗಾಲವೆಲ್ಲ ಕಲಿಸಿದೆ. ಕಣ್ಣು ಮುಚ್ಚಿಸಿ ಅವನ ಬೆರಳನ್ನು ನಾಯಿಯ ಕಾಲಿನ ಮೇಲೆ ಇಟ್ಟು, "ಒತ್ತಬೇಡ, ಒತ್ತಿದ್ರೆ ಓಡೋಗುತ್ತೆ" ಎಂದು ಗದರುತ್ತಿದ್ದೆ. ಅವನು ಮಾಂಸಕ್ಕೆ ಹಾಕುವ ಲೆಕ್ಕವನ್ನು ನನಗೆ ಹೇಳಿಕೊಟ್ಟ. ಕೈಗೆ ಸಿಗದ ಬೆಕ್ಕು ಬಂದರೆ ಅವನ ಮದ್ದು, ಕೊಬ್ಬಿದ ನಾಯಿಗೆ ಸಣ್ಣ ಕೆಲಸವಿದ್ದರೆ ನನ್ನ ಮದ್ದು, ಮುದಿ ನಾಯಿ ಬಂದರೆ ಇಬ್ಬರೂ ಕೂತು ಜಗಳ. ಜಗಳದಲ್ಲಿ ಗೆದ್ದವರು ಮದ್ದು ಹಾಕುವುದು. ಎಲ್ಲವೂ ಉಳಿದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲಿಗಿಂತ ಹೆಚ್ಚು ಉಳಿದವು.

ಬೇಸಿಗೆ ಹತ್ತಿರವಾದಾಗ ಮತ್ತೆ ತರಬೇತಿಯ ಸುದ್ದಿ ಬಂತು. ಮೇಲಧಿಕಾರಿಗಳು ಮತ್ತೆ ರೇವಣ್ಣನನ್ನೇ ಕರೆದರು. ಅವನು ನನ್ನನ್ನೂ ಕರೆದುಕೊಂಡು ಒಳಗೆ ಹೋದ.

"ಸಾರ್, ನಾನು ಅಕ್ಕನ ಹತ್ರ ಕಲೀತಾ ಇದೀನಿ. ಕಲಿಯೋನನ್ನ ಕಳಿಸಿ, ಕಲಿಸೋರನ್ನ ಇಲ್ಲಿ ಕೂರಿಸಿದ್ರೆ ಹೆಂಗೆ?"

ಸಾಹೇಬರು ನನ್ನ ಕಡೆ ತಿರುಗಿದರು. "ಮಗು ಏನ್ಮಾಡ್ತೀರಮ್ಮ?"

"ಮಗು ನಂದು ಸಾರ್. ಅದರ ಯೋಚ್ನೆ ನನಗಿರ್ಲಿ" ಎಂದೆ. ಈ ಸಲ ಕಾಫಿ ತರಿಸಲಿಲ್ಲ. ಸಹಿ ಹಾಕಿದರು.

ಬೆಂಗಳೂರಿನಲ್ಲಿ ನನ್ನ ಚಿಕ್ಕಮ್ಮನ ಮನೆಯಿತ್ತು. ಮಗಳನ್ನು ಅಲ್ಲಿ ನೋಡಿಕೊಳ್ಳುತ್ತೇನೆಂದು ಚಿಕ್ಕಮ್ಮ ಒಪ್ಪಿದ್ದರು. ಹೊರಡುವ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನನ್ನ ಗಂಡ ಟ್ರಂಕು ಹೊತ್ತು ಬಂದರು. ರೇವಣ್ಣನೂ ಸೈಕಲ್ ತುಳಿದುಕೊಂಡು ಬಂದ. ಮಗಳ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಕಿಟಕಿಯ ಸರಳು ಹಿಡಿದುಕೊಂಡು, "ನೀವು ಬರೋವರೆಗೂ ಕೋಣೆ ನಾನು ನೋಡ್ಕೋತೀನಿ ಅಕ್ಕ. ಅಂದಂಗೆ, ಇವತ್ತು ಊರ್ಡಿಗೆರೆಯಿಂದ ಒಂದು ಬೆಕ್ಕಿನ ಮರಿ ಬರುತ್ತೆ. ನರಕ್ಕೇ ಹಾಕೋಣ ಅಂತಿದೀನಿ" ಎಂದ.

"ಮುಂಗಾಲಿಗೆ ನೋಡು. ಒತ್ತಬೇಡ" ಎಂದೆ.

ಬಸ್ಸು ಹೊರಟಿತು. ಒಂದು ವರ್ಷ ಬಯಸಿ ಬಯಸಿ ಪಡೆದದ್ದು ಕೈಗೆ ಬಂದಿತ್ತು, ಮಗಳು ತೊಡೆಯ ಮೇಲೆ ಬಿಸ್ಕತ್ತು ಕಡಿಯುತ್ತ ಕುಣಿಯುತ್ತಿದ್ದಳು, ನಾನು ಬೆಂಗಳೂರಿನ ಬಗ್ಗೆ ಯೋಚಿಸಬೇಕಿತ್ತು. ಆದರೆ ಕ್ಯಾತ್ಸಂದ್ರ ದಾಟಿ ಎಷ್ಟೋ ದೂರ ಹೋದರೂ ನನ್ನ ತಲೆಯಲ್ಲಿದ್ದದ್ದು ಆ ಬೆಕ್ಕಿನ ಮರಿಯೊಂದೇ. ಅದಕ್ಕೆ ಏನೂ ಆಗದಿರಲಿ, ಚೆನ್ನಾಗಿ ಮಲಗಿ ಚೆನ್ನಾಗಿ ಏಳಲಿ ಎಂದು ಮನಸಾರೆ ಬಯಸಿದೆ. ಅದರ ನರ ಮಾತ್ರ ರೇವಣ್ಣನಿಗೆ ಮೊದಲ ಸಲಕ್ಕೇ ಸಿಗದಿರಲಿ ಎಂದೂ ಬಯಸಿದೆ.